ಪೆನಿನಾಳ ಅಂಗಳಕ್ಕೆ ಬಿದ್ದ ಐದು ಸ್ಟಾರ್

ಫಾಂಗಾಲೆಲೆ ಊರಿನಲ್ಲಿ ದಾರಿಹೋಕರನ್ನು ಊಟಕ್ಕೆ ಕರೆಯದ ಮನೆಯಿಲ್ಲ. ಸಮೋವಾದ ಯಾವ ಊರಿನಲ್ಲೂ ಇಲ್ಲ. ಗೋಡೆಯಿಲ್ಲದ ಮನೆಗಳು, ಒಳಗೆ ಕೂತು ಉಣ್ಣುವವರು ರಸ್ತೆಗೆ ಕಾಣುತ್ತಾರೆ, ರಸ್ತೆಯಲ್ಲಿ ಹೋಗುವವರು ಇವರಿಗೆ ಕಾಣುತ್ತಾರೆ. ಕಂಡ ಮೇಲೆ ಕರೆಯದೆ ಇರುವುದುಂಟೆ? "ಬನ್ನಿ, ಊಟ ಮಾಡಿ" ಎಂದು ಇವರು ಕೂಗಬೇಕು. "ಈಗಷ್ಟೇ ಆಯ್ತು, ನೀವು ಮಾಡಿ" ಎಂದು ಅವರು ಕೈಯೆತ್ತಿ ಮುಂದೆ ಹೋಗಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಹಾಗೆಯೇ ಹೇಳಬೇಕು. ಕರೆದವಳ ಮರ್ಯಾದೆಯೂ ಉಳಿಯಿತು, ಪಾತ್ರೆಯಲ್ಲಿದ್ದ ಕೆಸುವಿನ ಗೆಡ್ಡೆಯೂ ಉಳಿಯಿತು. ಇಷ್ಟು ಸರಳವಾದ ಏರ್ಪಾಡು ಅದು.

ಪೆನಿನಾಗೆ ಈ ಏರ್ಪಾಡು ರಕ್ತದಲ್ಲೇ ಇತ್ತು. ಅರವತ್ತರ ಹತ್ತಿರದ, ಅಗಲ ಭುಜದ ಹೆಂಗಸು. ಊರಿನ ಹೆಂಗಸರ ಸಂಘದಲ್ಲಿ ಕೂತು ಚಾಪೆ ಹೆಣೆಯುವಾಗ ಕೈಗಿಂತ ಬಾಯಿ ಚುರುಕು ಎಂದು ಹೆಸರಾದವಳು. ಅವಳು ಬೀಜ ಹುರಿದು ಕುಟ್ಟಿ ಕಾಯಿಸುವ ಕೋಕೋಗೆ ಪಾದ್ರಿಯ ಹೆಂಡತಿಯೇ ನೆಪ ಹುಡುಕಿಕೊಂಡು ಬರುತ್ತಿದ್ದಳು. ಹೀಗಿರುವಾಗ ಒಂದು ಸಂಜೆ ಬೆನ್ನಿಗೆ ಚೀಲ ಹೊತ್ತ ಇಬ್ಬರು ಬಿಳಿಯರು, ಒಬ್ಬ ಹುಡುಗ ಒಬ್ಬಳು ಹುಡುಗಿ, ರಸ್ತೆಯಲ್ಲಿ ಹೋಗುತ್ತಿದ್ದುದನ್ನು ಕಂಡು "ಬನ್ನಿ, ಊಟ ಮಾಡಿ" ಎಂದು ಅವಳು ಕೂಗಿದ್ದರಲ್ಲಿ ಹೊಸದೇನೂ ಇರಲಿಲ್ಲ. ಹೊಸದು ಆದದ್ದು ಆಮೇಲೆ. ಅವರು ಬಂದೇಬಿಟ್ಟರು.

ಬಂದವರು ಚಪ್ಪಲಿ ಬಿಚ್ಚಿ ಒಳಗೆ ಕೂರಲು ಸಂಕೋಚಪಟ್ಟು, ಅಂಗಳದಲ್ಲಿದ್ದ ಸಮಾಧಿಯ ಮೇಲೆ ಕೂತರು. ನೀಲಿ ಟೈಲ್ಸ್ ಹಾಕಿದ, ಮೇಲೊಂದು ತಗಡಿನ ಮಾಡು ಇದ್ದ, ಕಡಲಿಗೆ ಮುಖ ಮಾಡಿದ ಸಮಾಧಿ. ಅದು ಸಮಾಧಿ ಎಂದು ಅವರಿಗೆ ಹೊಳೆಯಲಿಲ್ಲ. ಕೂತದ್ದು ತಪ್ಪೂ ಅಲ್ಲ. ಸತ್ತವರನ್ನು ಮನೆಯ ಮುಂದೆಯೇ ಇಟ್ಟುಕೊಳ್ಳುವ ಊರಿನಲ್ಲಿ ಮಕ್ಕಳು ಸಮಾಧಿಯ ಮೇಲೆ ಆಡುತ್ತವೆ, ಮುದುಕರು ನಿದ್ದೆ ತೆಗೆಯುತ್ತಾರೆ, ಬಿಸಿಲಿದ್ದರೆ ಬಟ್ಟೆಯೂ ಒಣಗುತ್ತದೆ. ಪೆನಿನಾ ಅವರಿಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಡ್ಡೆ, ಸುಟ್ಟ ಮೀನು, ಲೋಟ ತುಂಬ ಕೋಕೋ ಕೊಟ್ಟಳು. ಅವರು ದುಡ್ಡು ತೆಗೆದರು. ಅವಳು ಗದರಿ ಒಳಗಿಡಿಸಿದಳು. ಹೋಗುವಾಗ ಹುಡುಗಿ ಫೋನಿನಲ್ಲಿ ನಾಲ್ಕಾರು ಫೋಟೋ ತೆಗೆದಳು, ಏನೋ ಒತ್ತಿದಳು, ಪೆನಿನಾಳನ್ನು ತಬ್ಬಿಕೊಂಡು ಹೊರಟಳು.

ಆ ಸಮಾಧಿ ಪೆನಿನಾಳ ಮಗಳು ಫಿಲೆಮುವಿನದು. ಫಿಲೆಮು ಹಡಗುಕಟ್ಟೆಯ ಪಟ್ಟಣದ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಹೃದಯದ ಕವಾಟ ಕೆಟ್ಟು ಇಪ್ಪತ್ತಮೂರಕ್ಕೇ ಹೋದಳು. ಬದುಕಿದ್ದಾಗ ಸಂಜೆ ಬಸ್ಸಿಳಿದು ಬಂದು, ಊರಿನ ಪ್ರಾರ್ಥನೆ ಮುಗಿದ ಮೇಲೆ ತಾಯಿಯ ಪಕ್ಕ ಕೂತು "ಏನಮ್ಮ ಇವತ್ತಿನ ಸುದ್ದಿ?" ಎನ್ನುವಳು. ಯಾರ ಹಂದಿ ಯಾರ ಹಿತ್ತಲಿಗೆ ನುಗ್ಗಿತು, ಸಂಘದಲ್ಲಿ ಯಾರು ಯಾರಿಗೆ ಮುಖ ತಿರುವಿದರು, ಎಲ್ಲವನ್ನೂ ಪೆನಿನಾ ಅಭಿನಯ ಸಮೇತ ಹೇಳುವಳು. ಮಗಳು ಹೊಟ್ಟೆ ಹಿಡಿದುಕೊಂಡು ನಗುವಳು. ಮಗಳು ಮಣ್ಣಿಗೆ ಹೋದ ಮೇಲೂ ಪೆನಿನಾ ಅದನ್ನು ಬಿಡಲಿಲ್ಲ. ಪ್ರಾರ್ಥನೆ ಮುಗಿಯುತ್ತಲೇ ಕೋಕೋ ಲೋಟ ಹಿಡಿದು ಸಮಾಧಿಯ ಅಂಚಿಗೆ ಕೂತು, ಕತ್ತಲಾಗುವ ತನಕ ದಿನದ ಸುದ್ದಿ ಒಪ್ಪಿಸುತ್ತಿದ್ದಳು. ಅದು ಅಳುವುದಲ್ಲ, ಪ್ರಾರ್ಥನೆಯೂ ಅಲ್ಲ; ಚಾಡಿ ಹೇಳುವುದು ಎಂದರೂ ನಡೆಯುತ್ತದೆ. ಗಂಡ ಇಯಾಕೊಪೊ ಆ ಹೊತ್ತಿನಲ್ಲಿ ಅತ್ತ ಸುಳಿಯುತ್ತಿರಲಿಲ್ಲ, ನೆರೆಯವರು ಕೂಗುತ್ತಿರಲಿಲ್ಲ. ಇಡೀ ದಿನದಲ್ಲಿ ಅವಳು ತನಗೆಂದು ಇಟ್ಟುಕೊಂಡದ್ದು ಆ ಒಂದು ಹೊತ್ತು ಮಾತ್ರ.

ಮುಂದಿನ ವಾರ ಐವರು ಬಂದರು. ಕರೆಯದೆಯೇ ಬಂದರು. ನೇರವಾಗಿ ಸಮಾಧಿಯ ಮೇಲೆ ಕೂತು, ಕಡಲಿನ ಕಡೆ ಕಾಲು ಚಾಚಿ, ಪೆನಿನಾಳತ್ತ ನೋಡಿ ನಕ್ಕರು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಅವಳಿಗೆ ಗೊತ್ತಿರಲಿಲ್ಲ. ಬಡಿಸಿದಳು. ಅದರ ಮರುದಿನ ಒಂದು ವ್ಯಾನು ಬಂತು. ಆಮೇಲೆ ದಿನವೂ. ಎಲ್ಲರೂ ಸೂರ್ಯ ಮುಳುಗುವ ಹೊತ್ತಿಗೇ ಬರುತ್ತಿದ್ದರು. ಇದೇನು ಊರಿಗೆ ಊರೇ ತನ್ನ ಅಂಗಳದ ದಾರಿ ಹಿಡಿದಿದೆಯಲ್ಲ ಎಂದು ಅವಳಿಗೆ ತಲೆ ಕೆಟ್ಟಿತು.

ಗುಟ್ಟು ರಟ್ಟು ಮಾಡಿದವಳು ತಂಗಿ ಲೂಪೆ. ಹಡಗುಕಟ್ಟೆಯಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ಪ್ರವಾಸಿಗಳು ಅವಳ ಕಿಂಡಿಗೇ ಫೋನು ಹಿಡಿದು "ಇಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳತೊಡಗಿದ್ದರು. ಲೂಪೆ ನೋಡುತ್ತಾಳೆ: ಫೋನಿನ ನಕ್ಷೆಯ ಮೇಲೆ ಅಕ್ಕನ ಮನೆ. ಆ ಸಂಜೆಯೇ ಬಸ್ಸು ಹತ್ತಿ ಬಂದು ಫೋನನ್ನು ಅಕ್ಕನ ಮುಖಕ್ಕೆ ಹಿಡಿದಳು.

"ಫಾಂಗಾಲೆಲೆ ಕಡಲ ನೋಟದ ವಿಶ್ರಾಂತಿ ತಾಣ. ನೀನೇ ಕಣೇ ಇದು."

"ನಾನಾ?"

"ಕೇಳು. 'ಊಟ ಉಚಿತ. ನಗುಮುಖದ ಆಂಟಿ. ನೀಲಿ ಕಟ್ಟೆ ಬೆನ್ನಿಗೆ ತಂಪಾಗಿರುತ್ತೆ. ಸೂರ್ಯಾಸ್ತಕ್ಕೇ ಹೋಗಿ.' ಐದು ಸ್ಟಾರ್. ಇವಳೂ ಐದು. ಇವರೂ ಐದು. ಇವನೊಬ್ಬ ನಾಲ್ಕು ಕೊಟ್ಟಿದಾನೆ. ಫೋರ್ಕ್ ಇರ್ಲಿಲ್ವಂತೆ."

"ಯಾರವನು? ಮೂರು ಸಲ ಹಾಕಿಸ್ಕೊಂಡು ತಿಂದ್ನಲ್ಲ, ಆ ಕೆಂಪು ಗಡ್ಡದವನಾ?"

"ಇರ್ಬೇಕು. ಗಡ್ಡ ಇದೆ."

"ಅವನ ಹೊಟ್ಟೆ ಒಡ್ದುಹೋಗ. ಅಳಿಸು ಅದನ್ನ."

"ಸ್ಲೇಟಾ ಇದು, ಎಂಜಲು ಹಚ್ಚಿ ಅಳ್ಸೋದಕ್ಕೆ?" ಎಂದಳು ಲೂಪೆ. ಆದರೂ ಅಳಿಸಲು ಕೂತಳು.

ಅಲ್ಲಿಂದ ಶುರುವಾಯಿತು ನೋಡಿ ಆ ಎರಡು ಹೆಂಗಸರ ಪಾಡು. ನಕ್ಷೆಯ ಕಂಪನಿ ಎಲ್ಲಿದೆಯೆಂದು ಅವರಿಗೆ ಗೊತ್ತಿಲ್ಲ. ಕಂಪನಿಗೂ ಅವರು ಯಾರೆಂದು ಗೊತ್ತಿಲ್ಲ. ಆದರೆ ಅವರ ಅಂಗಳ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು. 'ಈ ಸ್ಥಳ ಅಸ್ತಿತ್ವದಲ್ಲಿಲ್ಲ' ಎಂಬ ಕಡೆ ಲೂಪೆ ಒತ್ತಿದಳು. ವಂದನೆಗಳು ಎಂದು ಉತ್ತರ ಬಂತು, ಜೊತೆಗೆ, ಈ ಸ್ಥಳ ಇದೆಯೆಂದು ಅನೇಕರು ದೃಢಪಡಿಸಿದ್ದಾರೆ ಎಂದೂ ಬಂತು. 'ಇದು ಖಾಸಗಿ ಮನೆ' ಎಂದು ಒತ್ತಿದಳು. ಮನೆಯಲ್ಲಿ ಇಷ್ಟು ಜನ ಊಟ ಮಾಡುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ನೀವು ಇದರ ಮಾಲೀಕರಾಗಿದ್ದರೆ ಹಾಗೆಂದು ಸಾಬೀತು ಮಾಡಿ, ಆಮೇಲೆ ಮುಚ್ಚಿಕೊಳ್ಳಿ ಎಂದು ದಾರಿ ತೋರಿಸಿತು. ಇಲ್ಲದ ಹೋಟೆಲನ್ನು ಮುಚ್ಚಬೇಕಾದರೆ ಮೊದಲು ಅದು ತನ್ನದೆಂದು ಒಪ್ಪಿಕೊಳ್ಳಬೇಕು. ಪೆನಿನಾ ಹಲ್ಲು ಕಚ್ಚಿ ಒಪ್ಪಿಕೊಂಡಳು.

ಬೀದಿಯ ಹೆಸರು, ಮನೆಯ ನಂಬರು ಕೇಳಿತು. ಊರಿನ ಯಾವ ಮನೆಗೂ ನಂಬರಿಲ್ಲ, ಇರುವ ಒಂದು ರಸ್ತೆಗೆ ಹೆಸರಿಲ್ಲ. "ಚರ್ಚು ದಾಟಿದ ಮೇಲೆ ದೊಡ್ಡ ದೀವಿಹಲಸಿನ ಮರದ ಪಕ್ಕ" ಎಂದು ಲೂಪೆ ಬರೆದಳು. ಆ ವಿಳಾಸಕ್ಕೆ ಒಂದು ಕಾರ್ಡು ಕಳಿಸುತ್ತೇವೆ, ಅದರಲ್ಲಿನ ಅಂಕೆಯನ್ನು ತಿಳಿಸಿ ಎಂದಿತು. ಅಂಚೆಯವನು ಮನೆ ಬಾಗಿಲಿಗೆ ಬಂದದ್ದನ್ನು ಆ ದ್ವೀಪದಲ್ಲಿ ಯಾರೂ ಕಂಡಿಲ್ಲ. ಕಾಗದ ಬೇಕಿದ್ದವರು ಪಟ್ಟಣದ ಅಂಚೆ ಪೆಟ್ಟಿಗೆಗೆ ಹೋಗಬೇಕು. ಕಾರ್ಡು ಯಾವ ದೀವಿಹಲಸಿನ ಮರವನ್ನು ಹುಡುಕಿಕೊಂಡು ಹೋಯಿತೋ ದೇವರಿಗೇ ಗೊತ್ತು. ಸಾಲದ್ದಕ್ಕೆ, ಇಷ್ಟೂ ದಿನ ಸಂಜೆ ಹೊತ್ತಿಗೆ ಜನ ಬರುತ್ತಲೇ ಇದ್ದರು.

ಕಾರ್ಡು ಬಾರದಿದ್ದರೆ ನಾಮಫಲಕದ ವಿಡಿಯೋ ಕಳಿಸಿ ಎಂದಿತು ಕಂಪನಿ. ಫಲಕವೆಲ್ಲಿದೆ? ಇಯಾಕೊಪೊ ಹಳೆಯ ಹಲಗೆಯೊಂದನ್ನು ತಂದು, ಇಂಗ್ಲಿಷಿನಲ್ಲಿ 'ಸಮಾಧಿ, ಹೋಟೆಲಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ನೆಟ್ಟ. ಲೂಪೆ ವಿಡಿಯೋ ತೆಗೆದು ಕಳಿಸಿದಳು. ಮರುದಿನವೇ ಕಂಪನಿ ಸ್ಪಂದಿಸಿತು. ಸ್ಥಳದ ಹೆಸರನ್ನು ಫಲಕದಲ್ಲಿರುವಂತೆ ತಿದ್ದಲಾಗಿದೆ ಎಂದಿತು. ಈಗ ನಕ್ಷೆಯಲ್ಲಿ 'ಸಮಾಧಿ, ಹೋಟೆಲಲ್ಲ' ಎಂಬ ಹೆಸರಿನ ತಿಂಡಿಯ ತಾಣ. ಹೆಸರು ತಮಾಷೆಯಾಗಿದೆ ಎಂದು ಇನ್ನಷ್ಟು ಜನ ಬಂದರು, ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇಯಾಕೊಪೊ ಹಲಗೆ ಕಿತ್ತು ಒಲೆಗೆ ಹಾಕಿದ.

ಮಾತಾಡಿಸಲು ಒಬ್ಬ ಸಹಾಯಕನೂ ಇದ್ದ, ಫೋನಿನೊಳಗೆ. ಅವನ ಹೆಸರು ಆಲಿವರ್. ಲೂಪೆ ಅಕ್ಕ ಹೇಳಿದ್ದನ್ನೆಲ್ಲ ಅವನಿಗೆ ಬರೆದಳು: ಇದು ನನ್ನ ಮಗಳ ಸಮಾಧಿ, ಸಂಜೆ ನನಗೆ ಅವಳ ಜೊತೆ ಕೂರಬೇಕು, ದಯವಿಟ್ಟು ತೆಗೆದುಬಿಡಿ.

"ಏನಂತೆ?" ಪೆನಿನಾ ಕೇಳಿದಳು.

"ನಿಮ್ಮ ಬೇಸರ ನನಗೆ ಅರ್ಥವಾಗುತ್ತೆ ಅಂತಾನೆ."

"ಪಾಪ, ಒಳ್ಳೆಯವನು. ಅವನಿಗೂ ಮಕ್ಳಿರ್ಬೇಕು."

"ಅಕ್ಕ, ಅದು ಯಂತ್ರ."

"ಯಂತ್ರಕ್ಕೆ ಹೆಂಗೆ ಅರ್ಥವಾಗುತ್ತೆ?"

"ಆಗಲ್ಲ. ಹಾಗಂತ ಹೇಳು ಅಂತ ಹೇಳ್ಕೊಟ್ಟಿರ್ತಾರೆ. ನೋಡು, ಈಗ ಮತ್ತೆ ಅದನ್ನೇ ಅಂದ. ನಿನ್ನ ಅನುಭವಕ್ಕೆ ಎಷ್ಟು ಸ್ಟಾರ್ ಕೊಡ್ತೀಯ ಅಂತಾನೆ."

ಪೆನಿನಾ ಫೋನು ಕಿತ್ತುಕೊಂಡು ಚಾಪೆಯ ಮೇಲೆ ಬೋರಲು ಹಾಕಿದಳು. ಯಂತ್ರಕ್ಕೆ ಬೆನ್ನು ಕಾಣಲಿ ಎಂದು ಹಾಗೆ ಹಾಕಿದೆ ಎಂದಳು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಊರಿನ ಮುಖಂಡರ ಸಭೆಯಲ್ಲಿ ಇಯಾಕೊಪೊ ವಿಷಯ ಎತ್ತಿದ. ಅವನೂ ಒಬ್ಬ ಮುಖಂಡನೇ. ತಪ್ಪು ಮಾಡಿದ ಮನೆಗೆ ಹಂದಿಯನ್ನೋ ಡಬ್ಬಿ ಮೀನಿನ ಪೆಟ್ಟಿಗೆಗಳನ್ನೋ ದಂಡ ಹಾಕುವ ಅಧಿಕಾರ ಆ ಸಭೆಗೆ ಇದೆ, ಹಾಕಿದರೆ ಯಾರೂ ಮೀರುವಂತಿಲ್ಲ. ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಎಲ್ಲರಿಗಿಂತ ಹಿರಿಯರೊಬ್ಬರು, "ದೊಡ್ಡ ಹಂದೀನೇ ಹಾಕೋಣ. ಆದ್ರೆ ವಸೂಲಿಗೆ ಯಾವ ಮನೆ ಮುಂದೆ ಹೋಗಿ ನಿಲ್ಲೋದು, ಅದನ್ನ ಯಾರಾದ್ರೂ ಹೇಳ್ರಪ್ಪ" ಎಂದರು. ಸಭೆ ಮುಗಿಯಿತು.

ಅಷ್ಟರಲ್ಲಿ ಲೂಪೆ ಒಂದು ಸುದ್ದಿ ತಂದಳು. ಕಂಪನಿಯವರೇ ಆಚೆ ದ್ವೀಪದ ಆಪಿಯಾ ಪಟ್ಟಣಕ್ಕೆ ಬರುತ್ತಿದ್ದಾರೆ, ಜನರ ಮಾತು ಕೇಳುವುದಕ್ಕೆ ಅಂತಲೇ ಒಂದು ದಿನದ ಕಾರ್ಯಕ್ರಮ ಇಟ್ಟಿದ್ದಾರೆ. ಪೆನಿನಾ ಚರ್ಚಿಗೆ ಹೋಗುವ ಬಿಳಿಯ ಉಡುಪು, ಬಿಳಿಯ ಟೋಪಿ ತೆಗೆದಿಟ್ಟಳು. ಬರಿಗೈಯಲ್ಲಿ ಹೋಗಬಾರದೆಂದು ತಾನೇ ಹೆಣೆದ ಒಂದು ಚಾಪೆಯನ್ನೂ ಸುತ್ತಿಟ್ಟಳು. "ಬೈಯೋದಕ್ಕೆ ಹೋಗ್ತಾ ಉಡುಗೊರೆ ತಗೊಂಡು ಹೋಗ್ತಾರೇನೇ?" ಎಂದು ಲೂಪೆ ಹಂಗಿಸಿದಳು. "ಬೈಯೋದು ಬೇರೆ, ಬರಿಗೈ ಬೇರೆ" ಎಂದಳು ಪೆನಿನಾ. ಮುಂಜಾನೆಯ ಹಡಗಿನಲ್ಲಿ ಇಬ್ಬರೂ ಹೊರಟರು.

ದೊಡ್ಡ ಹೋಟೆಲಿನ ತಣ್ಣಗಿನ ಕೋಣೆ. ಬಾಗಿಲಲ್ಲೇ ಕೊರಳಿಗೆ ಹೂವಿನ ಹಾರ, ತಲೆಗೆ ಕಂಪನಿಯ ಟೋಪಿ. ಪೆನಿನಾಳ ಬಿಳಿ ಟೋಪಿಯ ಮೇಲೆಯೇ ಅದನ್ನು ಕೂರಿಸಿದರು. ನಡೆಸಿಕೊಡುವವಳು ಜಸಿಂತಾ ಎಂಬ ಹುಡುಗಿ, ಆಕ್ಲೆಂಡಿನಲ್ಲಿ ಹುಟ್ಟಿ ಬೆಳೆದ ಸಮೋವಾದ ಕೂಸು. ತಾಯ್ನುಡಿಯನ್ನು ಎಡವುತ್ತಾ ಎಡವುತ್ತಾ, ಆದರೆ ಪ್ರೀತಿಯಿಂದ ಆಡುತ್ತಿದ್ದಳು. ನಾವು ಇಲ್ಲಿ ಹೇಳುವುದಕ್ಕಲ್ಲ, ಕೇಳುವುದಕ್ಕೆ ಬಂದಿದ್ದೇವೆ ಎಂದು ಶುರುಮಾಡಿ ಊಟದ ಹೊತ್ತಿನ ತನಕ ಹೇಳಿದಳು. ಆಮೇಲೆ ಎಲ್ಲರಿಗೂ ಒಂದೊಂದು ಹಳದಿ ಚೀಟಿ ಕೊಟ್ಟು, ಮನಸ್ಸಿನಲ್ಲಿರುವುದನ್ನು ಬರೆದು ಗೋಡೆಗೆ ಅಂಟಿಸಿ ಎಂದಳು. ಮಗಳ ಸಮಾಧಿಯ ಮಾತು ಬರೆಯುವಷ್ಟು ಜಾಗ ಆ ಚೀಟಿಯಲ್ಲಿರಲಿಲ್ಲ. ಪೆನಿನಾ ಎದ್ದು ನಿಂತು ಬಾಯಲ್ಲೇ ಹೇಳಿದಳು.

ಜಸಿಂತಾ ತನ್ನ ಕಂಪ್ಯೂಟರಿನಲ್ಲಿ ಹುಡುಕಿದಳು. ಸಿಕ್ಕಿತು. ಸಿಕ್ಕಿದ್ದೇ ತಡ ಮುಖ ಅರಳಿತು. "ಆಂಟಿ, ನಿಮ್ಗೆ ಗೊತ್ತಾ? ಇಡೀ ಪೆಸಿಫಿಕ್‌ನಲ್ಲಿ ಜನ ಅತಿ ಹೆಚ್ಚು ಮೆಚ್ಚಿದ ಜಾಗಗಳಲ್ಲಿ ನಿಮ್ದೂ ಒಂದು." ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಕಂಪನಿಯ ಫೋಟೋಗ್ರಾಫರ್ ಬಂದು ಪೆನಿನಾಳ ಪಕ್ಕ ಜಸಿಂತಾಳನ್ನು ನಿಲ್ಲಿಸಿ ಫೋಟೋ ತೆಗೆದ. ಪೆನಿನಾ ಚಾಪೆಯನ್ನು ಕಂಕುಳಲ್ಲಿ ಅವುಚಿಕೊಂಡೇ ನಿಂತಿದ್ದಳು.

ಮುಗಿದ ಮೇಲೆ ಜಸಿಂತಾ ಅವರನ್ನು ಮೆಟ್ಟಿಲ ತನಕ ಬಿಡಲು ಬಂದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು. "ಆಂಟಿ, ನಿಜ ಹೇಳ್ತೀನಿ. ನಾನು ಇದನ್ನ ಮೇಲಕ್ಕೆ ಕಳಿಸ್ತೀನಿ, ಕಳಿಸದೆ ಇರಲ್ಲ. ಆದ್ರೆ ಅಲ್ಲಿ ಓದೋರು ಯಾರೂ ಇಲ್ಲ. ಸ್ಟಾರ್ ಚೆನ್ನಾಗಿರೋ ಜಾಗನ ಅವರು ಮುಟ್ಟಲ್ಲ."

"ಹಂಗಾದ್ರೆ ಯಾವ್ದನ್ನ ಮುಟ್ತಾರೆ?" ಲೂಪೆ ಕೇಳಿದಳು.

"ಸ್ಟಾರ್ ಬಿದ್ದುಹೋದ್ರೆ, ಜನ ದೂರು ಕೊಟ್ರೆ, ತಾನಾಗೇ ಹೋಗುತ್ತೆ. ಬಂದವರ ಹತ್ರ ಸ್ವಲ್ಪ ಒರಟಾಗಿ ಇದ್ಬಿಡಿ ಆಂಟಿ. ಊಟ ಕೊಡ್ಬೇಡಿ. ಸಾಕು."

ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ತಾನು ಹೇಳಿದ್ದು ಏನೆಂದು ಅವಳಿಗೆ ತಿಳಿದಿರಲಿಲ್ಲ ಅಷ್ಟೆ. ಪೆನಿನಾ ಅವಳ ಕೆನ್ನೆ ಸವರಿ, ಚಾಪೆಯನ್ನು ಅವಳ ಕೈಗಿಟ್ಟು ಹಡಗು ಹತ್ತಿದಳು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: "ಊಟ ಕೊಡ್ಬೇಡಿ ಅಂತಾಳಲ್ಲೇ."

ಲೂಪೆ ಮಾತ್ರ ಪಟ್ಟು ಬಿಡಲಿಲ್ಲ. ಮನೆಗೆ ಬಂದು ಅಕ್ಕನಿಗೆ ಒರಟುತನದ ಪಾಠ ಶುರುಮಾಡಿದಳು. ತಾನೇ ಬೆನ್ನಿಗೆ ಚೀಲ ಹಾಕಿಕೊಂಡು ಪ್ರವಾಸಿಯ ಹಾಗೆ ಅಂಗಳಕ್ಕೆ ಬರುವಳು, ಅಕ್ಕ ಗದರಬೇಕು. "ಏಯ್, ಏಳು ಮೇಲೆ" ಎಂದು ಪೆನಿನಾ ಗದರಿ, ಹಿಂದೆಯೇ "ಬಿಸಿಲಲ್ಲಿ ಬಂದಿದೀಯ, ನೀರು ಕುಡಿ" ಎನ್ನುವಳು. "ನೀರು ಯಾಕೆ ಅಂದೆ?" ಎಂದು ಲೂಪೆ ತಲೆ ಚಚ್ಚಿಕೊಳ್ಳುವಳು. "ನನ್ನ ಕೈಲಾಗಲ್ಲ ಕಣೇ, ಬಾಯಿ ತಾನಾಗೇ ಅನ್ನುತ್ತೆ." ನಿಜವಾದ ಪ್ರವಾಸಿಗಳ ಮುಂದೆಯೂ ಅದೇ ಆಯಿತು. ಒಂದು ಸಂಜೆ ಮುಖ ಗಂಟಿಕ್ಕಿಕೊಂಡು, ತಟ್ಟೆಯನ್ನು ಸದ್ದಾಗುವ ಹಾಗೆ ಕುಕ್ಕಿ ಬಡಿಸಿದಳು. ತಿಂದವರು ಐದು ಸ್ಟಾರ್ ಕೊಟ್ಟು, ಆಂಟಿ ಮೇಲೆ ಕಟು, ಒಳಗೆ ಬೆಣ್ಣೆ ಎಂದು ಬರೆದರು. ಇಂಥ ಜನರನ್ನು ಏನು ಮಾಡುವುದು ಹೇಳಿ.

ಮಗಳ ಜೊತೆ ಮಾತಾಡದೆ ತಿಂಗಳುಗಳೇ ಆಗಿದ್ದವು. ರಾತ್ರಿ ಎಲ್ಲರೂ ಹೋದ ಮೇಲೆ ಕೂರಬಹುದಿತ್ತು; ಒಂದೆರಡು ಸಲ ಕೂತೂ ನೋಡಿದಳು. ಕಟ್ಟೆ ಒರೆಸಿ, ಎಂಜಲು ಎತ್ತಿ, ಪಾತ್ರೆ ಬೆಳಗಿ ಬರುವಷ್ಟರಲ್ಲಿ ಅವಳ ಬಾಯಲ್ಲಿ ನಗುವ ಸುದ್ದಿ ಒಂದೂ ಉಳಿದಿರುತ್ತಿರಲಿಲ್ಲ. ಹೇಳಲು ಉಳಿಯುತ್ತಿದ್ದದ್ದು ಬಂದವರ ಮೇಲಿನ ಸಿಡುಕು ಮಾತ್ರ. ಸತ್ತ ಮಗಳಿಗೆ ಸಿಡುಕು ಬಡಿಸುವುದೆ? ಬೇಡವೆಂದು ಎದ್ದುಹೋಗುತ್ತಿದ್ದಳು. ಫಿಲೆಮು ಎರಡನೇ ಸಲ ಸತ್ತ ಹಾಗೆ ಅವಳಿಗೆ ಅನ್ನಿಸತೊಡಗಿತು.

ಒಂದು ದಿನ ಸಂಘದಲ್ಲಿ ಒಂದು ತಮಾಷೆ ನಡೆಯಿತು. ಪಾದ್ರಿಯ ಹೆಂಡತಿ ಗಂಭೀರವಾಗಿ ಉಪದೇಶ ಮಾಡುತ್ತಾ ಮಾಡುತ್ತಾ ತಾನು ಸೊಂಟಕ್ಕೆ ಸುತ್ತಿದ್ದ ಲಾವಾಲಾವಾದ ಅಂಚನ್ನೇ ಪಕ್ಕದವಳ ಚಾಪೆಯೊಳಗೆ ಸೇರಿಸಿ ಹೆಣೆದುಬಿಟ್ಟಿದ್ದಳು. ಏಳಲು ಹೋದವಳು ಚಾಪೆಯ ಸಮೇತ ಎದ್ದಳು. ಹೆಂಗಸರೆಲ್ಲ ಉರುಳಾಡಿ ನಕ್ಕರು. ಇದನ್ನು ಇವತ್ತು ಫಿಲೆಮುಗೆ ಹೇಳಲೇಬೇಕು ಎಂದುಕೊಂಡು ಪೆನಿನಾ ಮನೆಯ ಕಡೆ ಹೆಜ್ಜೆ ಹಾಕಿದಳು. ಹೇಗೆ ಅಭಿನಯಿಸಬೇಕೆಂದು ದಾರಿಯಲ್ಲೇ ಲೆಕ್ಕ ಹಾಕಿಕೊಂಡಳು. ಆ ದಿನ ಹಡಗು ಕೆಟ್ಟು ನಿಂತಿದೆಯೆಂದು ಲೂಪೆ ಹೇಳಿದ್ದಳು, ಯಾರೂ ಬರುವಂತಿರಲಿಲ್ಲ. ಕೋಕೋ ಕಾಯಿಸಿ ಇಟ್ಟಳು, ಒಂದು ಹೂಜಿ ನೀರು ತುಂಬಿಟ್ಟಳು. ಸಂಜೆ ಪ್ರಾರ್ಥನೆಯ ಮೊದಲ ಗಂಟೆ ಹೊಡೆಯಿತು, ಅಂದರೆ ಮರಕ್ಕೆ ನೇತುಹಾಕಿದ ಹಳೆಯ ಗ್ಯಾಸ್ ಸಿಲಿಂಡರನ್ನು ಯಾರೋ ಬಡಿದರು. ಗಂಟೆಯಾದ ಮೇಲೆ ರಸ್ತೆಯಲ್ಲಿ ಯಾರೂ ಓಡಾಡುವಂತಿಲ್ಲ. ಇಯಾಕೊಪೊ ಉಳಿದ ಗಂಡಸರ ಜೊತೆ ರಸ್ತೆ ಕಾಯಲು ಹೋಗಿದ್ದ.

ಪೆನಿನಾ ಒಲೆಯ ಕಡೆಯಿಂದ ತಿರುಗಿ ನೋಡಿದರೆ ಸಮಾಧಿಯ ಮೇಲೆ ಒಬ್ಬಳು ಕೂತಿದ್ದಳು.

ವಯಸ್ಸಾದ ಬಿಳಿಯ ಹೆಂಗಸು. ಬಿಸಿಲಿಗೆ ಮುಖ ಕೆಂಪಗೆ ಬೆಂದಿತ್ತು. ಹಿಂದಿನ ದಿನವೇ ದ್ವೀಪಕ್ಕೆ ಬಂದು ಉಳಿದಿದ್ದವಳು, ಪಕ್ಕದ ಊರಿನಿಂದ ನಡೆದೇ ಬಂದಿದ್ದಳಂತೆ. ಚೀಲವನ್ನು ಸಮಾಧಿಯ ತಲೆಗಲ್ಲಿನ ಮೇಲಿದ್ದ ಫಿಲೆಮುವಿನ ಫೋಟೋಗೆ ಒರಗಿಸಿ ಇಟ್ಟಿದ್ದಳು. ಹೂಜಿಯ ಕಡೆ ಕೈತೋರಿಸಿ, "ಸ್ವಲ್ಪ ನೀರು ಸಿಗುತ್ತಾ?" ಎಂದಳು.

ಪೆನಿನಾ ಆ ಚೀಲವನ್ನು ನೋಡಿದಳು. ಅದರ ಹಿಂದೆ ಮಗಳ ಅರ್ಧ ಮುಖ ಕಾಣುತ್ತಿತ್ತು. ಇಷ್ಟು ತಿಂಗಳು ನುಂಗಿಕೊಂಡದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ನೀರಿಲ್ಲ. ಏಳಿ. ಹೋಗಿ ಇಲ್ಲಿಂದ."

ಹೆಂಗಸಿಗೆ ಅರ್ಥವಾಗಲಿಲ್ಲ. ಹೂಜಿಯನ್ನು ನೋಡಿದಳು, ಪೆನಿನಾಳನ್ನು ನೋಡಿದಳು. ಪೆನಿನಾ ಇಂಗ್ಲಿಷಿನಲ್ಲೂ ಹೇಳಿದಳು. ಕೈ ಎತ್ತಿ ರಸ್ತೆ ತೋರಿಸಿದಳು. ಲೂಪೆಯ ಪಾಠ ಅಷ್ಟೂ ದಿನ ಬಾರದ್ದು ಈಗ ಒಂದು ಅಕ್ಷರ ತಪ್ಪದೆ ಬಂತು. ಮುದುಕಿ ಕಲ್ಲನ್ನು ಹಿಡಿದು ಎದ್ದು, ಚೀಲ ಹೆಗಲಿಗೇರಿಸಿ, "ಕ್ಷಮಿಸಿ, ನನಗೆ ಗೊತ್ತಿರಲಿಲ್ಲ" ಎಂದು ನಿಧಾನವಾಗಿ ರಸ್ತೆಗೆ ಹೋದಳು. ಎರಡನೇ ಗಂಟೆ ಹೊಡೆಯಿತು. ಪೆನಿನಾ ಪ್ರಾರ್ಥನೆಗೆ ಮೊಣಕಾಲೂರಿದಳು. ಒಂದು ಪದವೂ ನೆನಪಿಗೆ ಬರಲಿಲ್ಲ.

ಕತ್ತಲಾಗುವ ಹೊತ್ತಿಗೆ ಇಯಾಕೊಪೊ ಮನೆಗೆ ಬಂದ. ಕಾಲು ತೊಳೆದು ಕೂತು, ತಲೆ ಅಲ್ಲಾಡಿಸಿದ.

"ಯಾರೋ ಒಬ್ಬ ಮುದುಕಿ ಕಣೇ, ಪರದೇಶದವಳು. ನಾವು ನಿಂತಿದ್ದ ಕಡೆ ಬಂದು ಕುಸಿದು ಕೂತ್ಬಿಟ್ಳು. ನಾನೇ ಎಳನೀರು ಕೆತ್ತಿ ಕುಡಿಸ್ದೆ. ಆಮೇಲೆ ಪಾದ್ರಿಗಳ ಕಾರಲ್ಲಿ ಕಳಿಸಿದ್ವಿ. ನೀರು ಕೇಳಿದ್ರೆ ಇಲ್ಲ ಅಂದ್ರಂತೆ. ನಮ್ಮೂರಲ್ಲಿ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಯಾವ ಮನೆಯವರೋ ಏನೋ."

ಪೆನಿನಾ ಕೋಕೋ ಪಾತ್ರೆಯ ಮುಚ್ಚಳ ಸರಿಮಾಡಿದಳು. "ನಮ್ಮನೆಯವರು" ಎಂದಳು.

ಇಯಾಕೊಪೊ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಆ ಮುದುಕಿ ಕೆಟ್ಟವಳಲ್ಲ. ಅವಳು ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ತಲೆ ಸುತ್ತುತ್ತಿತ್ತು, ನೀರು ಕೇಳಿದೆ, ಎದುರಿಗೇ ಇದ್ದರೂ ಕೊಡಲಿಲ್ಲ, ಒಬ್ಬ ದೊಡ್ಡ ಮನುಷ್ಯ ಎಳನೀರು ಕೊಟ್ಟು ಉಳಿಸಿದ ಎಂದು ಬರೆದು ಒಂದು ಸ್ಟಾರ್ ಕೊಟ್ಟಿದ್ದಳು. ಅದನ್ನು ಅವಳ ಮಗ ನಾಲ್ಕು ಜನಕ್ಕೆ ತೋರಿಸಿದ, ಆ ನಾಲ್ಕು ಜನ ಊರಿಗೆಲ್ಲ ತೋರಿಸಿದರು. ಸಮೋವಾ ಎಲ್ಲಿದೆಯೆಂದು ತಿಳಿಯದ ನೂರಾರು ಜನ ಪೆನಿನಾಳ ಅಂಗಳಕ್ಕೆ ಒಂದೊಂದು ಸ್ಟಾರ್ ಎಸೆದು ಹೋದರು. ಕಲ್ಲು ಹೃದಯದವಳು, ಮುದುಕಿಯನ್ನು ಕೊಲ್ಲುತ್ತಿದ್ದಳು, ಇಂಥವರನ್ನು ನಕ್ಷೆಯಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ ಎಂದರು. ಇಷ್ಟು ದಿನ ಕಿವಿ ಇಲ್ಲದಿದ್ದ ಕಂಪನಿಗೆ ತಟ್ಟನೆ ಕಿವಿ ಬಂತು. ಸಂದರ್ಶಕರ ಸುರಕ್ಷತೆ ನಮಗೆ ಮುಖ್ಯ, ಸಮುದಾಯದ ದನಿಗೆ ನಾವು ಬೆಲೆ ಕೊಡುತ್ತೇವೆ ಎಂದು ಬರೆದು ಗುರುತನ್ನು ಕಿತ್ತುಹಾಕಿತು.

ಲೂಪೆ ಓಡೋಡಿ ಬಂದು ಫೋನು ತೋರಿಸಿದಳು. ನಕ್ಷೆಯಲ್ಲಿ ಪೆನಿನಾಳ ಮನೆ ಇದ್ದಲ್ಲಿ ಬರೀ ಹಸಿರು, ಪಕ್ಕದಲ್ಲಿ ನೀಲಿ ಕಡಲು.

"ಹೋಯ್ತಕ್ಕ. ಪೀಡೆ ತೊಲಗ್ತು."

"ಹ್ಞೂಂ."

"ನಗಾದ್ರೂ ನಗೇ, ಮಾರಾಯ್ತಿ."

"ಅವಳು ಬರ್ದಿದ್ದನ್ನ ಇನ್ನೊಂದ್ಸಲ ಓದು" ಎಂದಳು ಪೆನಿನಾ. ಲೂಪೆ ಓದಲಿಲ್ಲ. ಅದೂ ಗುರುತಿನ ಜೊತೆಗೇ ಹೋಗಿತ್ತು. ಊರಿನವರು ಮಾತ್ರ ಅಷ್ಟರೊಳಗೆ ಓದಿಯಾಗಿತ್ತು. ಸಂಘದಲ್ಲಿ ಪೆನಿನಾ ಬಂದು ಕೂತರೆ ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಮೆಲ್ಲಗೆ, ಹೆಚ್ಚು ಮರ್ಯಾದೆಯಿಂದ ಮಾತಾಡುತ್ತಿದ್ದರು. ಪಾದ್ರಿಯ ಹೆಂಡತಿ ಕೋಕೋಗೆ ಬರುವುದನ್ನು ಬಿಟ್ಟಳು. ಪೆನಿನಾ ಉಣ್ಣುವಾಗ ರಸ್ತೆಯ ಕಡೆಗೆ ಬೆನ್ನು ಹಾಕಿ ಕೂರತೊಡಗಿದಳು. ಕರೆದರೆ ಅವರು ಏನು ಅಂದುಕೊಳ್ಳುತ್ತಾರೋ ಎಂಬ ಭಯ.

ಸಂಜೆ ಪ್ರಾರ್ಥನೆ ಮುಗಿಯಿತು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಲೋಟ ಹಿಡಿದು ಅವಳು ಸಮಾಧಿಯ ಅಂಚಿಗೆ ಕೂತಳು. ಕೂತು, ಪಾದ್ರಿಯ ಹೆಂಡತಿಯ ಚಾಪೆಯ ಕತೆಯನ್ನೇ ಮೊದಲು ಎತ್ತಿದಳು, ಅರ್ಧಕ್ಕೆ ನಿಲ್ಲಿಸಿದಳು. ಹಾಗೆ ನಗಿಸಿ ತಪ್ಪಿಸಿಕೊಳ್ಳುವುದು ಸರಿಯಲ್ಲ ಅನ್ನಿಸಿತು. ಮಗಳ ಹತ್ತಿರ ಅವಳು ಎಂದೂ ಸುದ್ದಿ ಮುಚ್ಚಿಟ್ಟವಳಲ್ಲ. ಕೋಕೋ ಕೈಯಲ್ಲೇ ತಣ್ಣಗಾಯಿತು. ಕೊನೆಗೆ ಫೋಟೋದ ಮೇಲಿನ ಧೂಳನ್ನು ಬರಿಗೈಯಿಂದಲೇ ಒರೆಸಿ, ಪಿಸುಮಾತಿಗಿಂತ ತುಸು ಜೋರಾಗಿ ಹೇಳಿದಳು.

"ಫಿಲೆಮು, ನಿನ್ ಜೊತೆ ಕೂರೋದಕ್ಕೋಸ್ಕರ ಒಬ್ಬಳಿಗೆ ನೀರಿಲ್ಲ ಅಂದ್ಬಿಟ್ಟೆ ಕಣೇ."